ಲಿನಕ್ಸ್ ಹಾಕೋದು ಒಂದು ಮಧ್ಯಾಹ್ನದ ಕೆಲಸ. ಕೊಪ್ಪಳದಲ್ಲಿ ಅದನ್ನು ನೋಡಿಕೊಳ್ಳುವವರು ಯಾರು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಬಾಗಿಲು ಹಾಕಿತು. ಕಂಪ್ಯೂಟರ್ ಆಮೇಲೂ ಆನ್ ಆಗುತ್ತೆ, ಫೈಲ್ ತೆರೆಯುತ್ತೆ, ಪ್ರಿಂಟ್ ಬರುತ್ತೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳಿಗೆ ತೇಪೆ ಬರೋದಿಲ್ಲ. ಇನ್ನಷ್ಟು ಕಾಲ ತೇಪೆ ಬೇಕು ಅಂದ್ರೆ ಹೆಸರು ನೋಂದಾಯಿಸಬೇಕು ಇಲ್ಲವೇ ದುಡ್ಡು ಕಟ್ಟಬೇಕು. ಮನೆಬಳಕೆಯವರಿಗೆ ಅದೂ 2026ರ ಅಕ್ಟೋಬರ್‌ಗೆ ಮುಗಿಯುತ್ತೆ. ಇದಾದ ಐದು ವಾರಕ್ಕೆ, ಬೆಂಗಳೂರು ಟೆಕ್ ಸಮ್ಮಿಟ್‌ನಲ್ಲಿ ಕರ್ನಾಟಕ ಸರ್ಕಾರ 'ಕಿಯೋ' ಎಂಬ ಪುಟ್ಟ ಕಂಪ್ಯೂಟರ್ ಬಿಡುಗಡೆ ಮಾಡಿತು. ಕಿಯೋನಿಕ್ಸ್ ಹೊರತಂದಿರುವ ಈ ಡಬ್ಬಿಯ ಬೆಲೆ 18,999 ರೂಪಾಯಿ. ಒಳಗಿರೋದು ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಹೆಸರಿನ ಮೂರನೇ ಅಕ್ಷರವೇ 'ಓಪನ್ ಸೋರ್ಸ್' ಎಂಬುದರದ್ದು.

ಎರಡೂ ಸುದ್ದಿಗಳು ಬೆಂಗಳೂರಿನ ಟೆಕ್ ಪುಟಗಳಲ್ಲಿ ಬೇರೆ ಬೇರೆಯಾಗಿ ಬಂದು ಹೋದವು. ಕೊಪ್ಪಳದಲ್ಲಿ ಕೂತು ನೋಡಿದ್ರೆ ಅವೆರಡೂ ಒಂದೇ ಸುದ್ದಿ. ಈ ಜಿಲ್ಲೆಯ ಶಾಲೆ, ಕಾಲೇಜು, ಪಂಚಾಯಿತಿ, ಝೆರಾಕ್ಸ್ ಅಂಗಡಿಗಳಲ್ಲಿ ನಾನು ನೋಡಿರುವ ಬಹುತೇಕ ಯಂತ್ರಗಳು ವಿಂಡೋಸ್ 11ರ ಹೊಸ್ತಿಲು ದಾಟಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮಲ್ಲಿ ಎರಡನೆಯದು, ಮೂರನೆಯದು, ನಾಲ್ಕನೆಯದು ಇನ್ನೂ ದುಡಿಯುತ್ತಿವೆ. ಹಾಗಾಗಿ ಇರೋದು ಮೂರು ದಾರಿ. ತೇಪೆಯಿಲ್ಲದ ಯಂತ್ರದಲ್ಲೇ ಜಾತಿ ಪ್ರಮಾಣಪತ್ರ, ಪಹಣಿ, ಆಧಾರ್ ಸಂಖ್ಯೆಗಳ ವ್ಯವಹಾರ ಮಾಡ್ತಾ ಹೋಗೋದು. ಚೆನ್ನಾಗಿರುವ ಯಂತ್ರಗಳನ್ನು ಗುಜರಿಗೆ ಹಾಕಿ ಹೊಸ ಟೆಂಡರ್ ಕರೆಯೋದು. ಇಲ್ಲಾಂದ್ರೆ ಲಿನಕ್ಸ್ ಹಾಕೋದು.

ಮೂರನೆಯದು ಸರಿಯಾದ ದಾರಿ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಓಪನ್ ಸೋರ್ಸ್ ಗೆಳೆಯರು ಅದನ್ನು ಜನರಿಗೆ ಹೇಳೋ ರೀತಿಯಲ್ಲಿ ದೊಡ್ಡ ತಕರಾರಿದೆ. ಅವರ ಮೊದಲ ವಾಕ್ಯ ಯಾವಾಗಲೂ 'ಇದು ಉಚಿತ'. ಗಂಗಾವತಿಯಲ್ಲಿ ಈ ವಾಕ್ಯಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಯಾಕಂದ್ರೆ ಇಲ್ಲಿ ವಿಂಡೋಸ್ ಕೂಡ ಉಚಿತವೇ! ಅಂಗಡಿಗೆ ಹೋಗಿ ಐದುನೂರು ರೂಪಾಯಿ ಕೊಟ್ರೆ ವಿಂಡೋಸ್, ಆಫೀಸ್, ಫೋಟೋಶಾಪ್, ನುಡಿ, ಜೊತೆಗೊಂದು 'ಆ್ಯಕ್ಟಿವೇಟರ್' ಎಲ್ಲ ಸೇರಿಸಿ ಸಂಜೆಗೆ ಕೊಡ್ತಾರೆ. ಆ ಐದುನೂರು ಹೋಗೋದು ಮೈಕ್ರೋಸಾಫ್ಟ್‌ಗೆ ಅಲ್ಲ, ಅಂಗಡಿಯ ಹುಡುಗನ ಕೈಗೆ. ಜನ ಕೊಡ್ತಿರೋದು ಸಾಫ್ಟ್‌ವೇರ್‌ಗಲ್ಲ, 'ಕೆಟ್ಟರೆ ಇವನ ಹತ್ರ ಬರಬಹುದು' ಅನ್ನೋ ಭರವಸೆಗೆ. ಅದೇ ಹುಡುಗನಿಗೆ ಲಿನಕ್ಸ್ ಹಾಕಿಕೊಡು ಅಂದ್ರೆ ಅವನ ಪ್ರಶ್ನೆ ಒಂದೇ: ನಾಳೆ ಬಂದ್ ಬಿದ್ರ ಯಾರ್ ನೋಡ್ಬೇಕ್ರಿ?

ಈ ಪ್ರಶ್ನೆಯನ್ನು ಅಜ್ಞಾನ ಅಂತ ತಳ್ಳಿಹಾಕೋರು ಬಹಳ ಮಂದಿ ಇದ್ದಾರೆ. ನನಗೆ ಅದು ಇಡೀ ಚರ್ಚೆಯ ಅತ್ಯಂತ ಬುದ್ಧಿವಂತ ಪ್ರಶ್ನೆ ಅನ್ಸುತ್ತೆ. ಲಿನಕ್ಸ್ ಇಲ್ಲಿ ಸೋಲೋದು ಹಾಕುವ ದಿನ ಅಲ್ಲ. ಮೂರನೇ ತಿಂಗಳಲ್ಲಿ.

ಹಾಕುವ ದಿನದ ಕತೆ ಬೇಗ ಮುಗಿಯುತ್ತೆ. ಎಂಜಿನಿಯರಿಂಗ್ ಓದಿದವನು ಅನ್ನೋ ಕಾರಣಕ್ಕೆ ಊರ ಕಡೆ ಇಂಥ ಕೆಲಸಕ್ಕೆ ನನಗೂ ಕರೆ ಬರುತ್ತೆ, ಪತ್ರಕರ್ತನಾದ ಮೇಲೂ ಅದು ತಪ್ಪಿಲ್ಲ. ನಾಲ್ಕು ಜಿಬಿ ರ‍್ಯಾಮ್ ಇರುವ ಹಳೇ ಐ3 ಯಂತ್ರ ಅಂದ್ಕೊಳ್ಳಿ. ಮೊದಲು ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ ಹಾಕಬೇಕು. ಯಂತ್ರದ ವೇಗದಲ್ಲಿ ಕಾಣುವ ಬದಲಾವಣೆಯ ಮುಕ್ಕಾಲು ಪಾಲು ಅದರಿಂದಲೇ ಬರೋದು. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸುಮಾರು 3 ಜಿಬಿ ಡೌನ್‌ಲೋಡ್. ಅದನ್ನು ಪೆನ್‌ಡ್ರೈವ್‌ಗೆ ಬರೆದು, ಇನ್‌ಸ್ಟಾಲ್ ಮಾಡುವ ಮೊದಲೇ ಪೆನ್‌ಡ್ರೈವ್‌ನಿಂದ ಓಡಿಸಿ ವೈಫೈ, ಸೌಂಡ್, ಪ್ರಿಂಟರ್ ಪರೀಕ್ಷಿಸಬಹುದು. ಸರಿ ಅನ್ನಿಸಿದ ಮೇಲೆ ಅರ್ಧ ಗಂಟೆ. ಕನ್ನಡಕ್ಕೆ ಹೊರಗಿನಿಂದ ಏನೂ ತರಬೇಕಿಲ್ಲ. ಕೀಬೋರ್ಡ್ ಪಟ್ಟಿಯಲ್ಲಿ ಇನ್‌ಸ್ಕ್ರಿಪ್ಟ್ ಇದೆ, ಕಗಪ ವಿನ್ಯಾಸವೂ ಇದೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಿಂದ ಬೆಳೆದ ಆ ಕಗಪದಲ್ಲೇ ನಮ್ಮ ಕಚೇರಿಗಳ ಬೆರಳುಗಳು ಪಳಗಿರೋದರಿಂದ ಟೈಪಿಂಗ್ ಮಾಡೋರಿಗೆ ವ್ಯತ್ಯಾಸ ಗೊತ್ತಾಗೋದೂ ಕಡಿಮೆ. ಗುಬ್ಬಿ, ನವಿಲು ಅಂತ ಚೆಂದದ ಮುಕ್ತ ಫಾಂಟ್‌ಗಳು ಡೆಬಿಯನ್, ಉಬುಂಟು ಭಂಡಾರಗಳಲ್ಲೇ ಸಿಗುತ್ತವೆ. ಇದನ್ನೆಲ್ಲ ನಮಗಾಗಿ ಮಾಡಿಟ್ಟವರು ಕನ್ನಡದವರೇ, ಬಹುಪಾಲು ಸಂಬಳ ಇಲ್ಲದೆ ರಾತ್ರಿ ನಿದ್ದೆಗೆಟ್ಟು.

ಈಗ ಮೂರನೇ ತಿಂಗಳು.

ಒಂದು ಬೆಳಿಗ್ಗೆ ಯಾವ ವೆಬ್‌ಸೈಟೂ ತೆರೆಯಲ್ಲ. 'ಸಂಪರ್ಕ ಸುರಕ್ಷಿತವಲ್ಲ' ಅನ್ನುತ್ತೆ. ಅಪ್‌ಡೇಟ್ ಮಾಡಲು ಹೋದ್ರೆ 'ಈ ಫೈಲ್ ಇನ್ನೂ ಸಿಂಧುವಾಗಿಲ್ಲ' ಅನ್ನುತ್ತೆ. ಲಿನಕ್ಸ್ ಕೆಟ್ಟಿತು ಅಂತ ಎಲ್ಲರೂ ತೀರ್ಮಾನಿಸುತ್ತಾರೆ. ನಿಜಕ್ಕೂ ಸತ್ತಿರೋದು ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸೆಲ್. ಕರೆಂಟ್ ಹೋದಾಗ ಗಡಿಯಾರ ಹಿಂದಕ್ಕೆ ಓಡಿ ಯಂತ್ರ ಹತ್ತು ವರ್ಷ ಹಿಂದಿನ ದಿನಾಂಕದಲ್ಲಿ ಬದುಕ್ತಾ ಇರುತ್ತೆ. ವೆಬ್‌ಸೈಟ್‌ನ ಭದ್ರತಾ ಪ್ರಮಾಣಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ಔಷಧ ಅಂದ್ರೆ ಕೆಲವೇ ಹತ್ತು ರೂಪಾಯಿಯ ಒಂದು ಸೆಲ್. ಆದರೆ ಅದು ಗೊತ್ತಿರುವ ಒಬ್ಬ ಮನುಷ್ಯ ಕುಷ್ಟಗಿಯ ಆ ಕೋಣೆಗೆ ಬರಬೇಕು.

ಇನ್ನೊಂದು ದಿನ ಅಪ್‌ಡೇಟ್ ಅರ್ಧಕ್ಕೆ ಬಂದಾಗ ಕರೆಂಟ್ ಹೋಗುತ್ತೆ. ಯುಪಿಎಸ್ ಬ್ಯಾಟರಿ ಸತ್ತು ಎಷ್ಟೋ ಕಾಲವಾಗಿದೆ. ಮರಳಿ ಆನ್ ಮಾಡಿದಾಗ ಅರ್ಧ ಕೂತ ಪ್ಯಾಕೇಜುಗಳು ಒಂದನ್ನೊಂದು ತಡೆದು ನಿಲ್ಲುತ್ತವೆ. ಟರ್ಮಿನಲ್‌ನಲ್ಲಿ ಒಂದು ಸಾಲಿನ ಆದೇಶ ಕೊಟ್ರೆ ಎಲ್ಲ ಸರಿಹೋಗುತ್ತೆ, ಮಿಂಟ್‌ನಲ್ಲಿರುವ ಟೈಮ್‌ಶಿಫ್ಟ್ ಮೊದಲೇ ಹೊಂದಿಸಿಟ್ಟಿದ್ರೆ ನಿನ್ನೆಯ ಸ್ಥಿತಿಗೇ ಮರಳಬಹುದು. ಗೊತ್ತಿದ್ದವನಿಗೆ ಹತ್ತು ನಿಮಿಷ. ಗೊತ್ತಿಲ್ಲದ ಕಡೆ ಆ ಯಂತ್ರದ ಮೇಲೆ ಬಟ್ಟೆ ಮುಚ್ಚುತ್ತಾರೆ, ಮುಂದಿನ ತಪಾಸಣೆಯವರೆಗೆ.

ಪ್ರಿಂಟರ್ ಬಗ್ಗೆ ಬೇರೆಯೇ ಲೇಖನ ಬರೀಬೇಕು. ಕರ್ನಾಟಕದ ಪ್ರತಿ ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕೂತಿರುವ ಆ ಹಳೇ ಬಿಳಿ ಲೇಸರ್ ಪ್ರಿಂಟರ್ ಯಾವುದು ಅಂತ ನಿಮಗೆ ಗೊತ್ತು. ಅದು ಲಿನಕ್ಸ್ ಜೊತೆ ಮಾತಾಡುತ್ತೆ, ಆದರೆ ಮುನಿಸಿಕೊಂಡ ಬೀಗರ ಹಾಗೆ. ಹಾಗೇ ಡಿಜಿಟಲ್ ಸಹಿಯ ಟೋಕನ್‌ಗಳು, ಬೆರಳಚ್ಚು ಯಂತ್ರಗಳು. ಇವುಗಳ ತಂತ್ರಾಂಶ ಬರೆಯೋರು ವಿಂಡೋಸ್ ಮತ್ತು ಆಂಡ್ರಾಯ್ಡ್ ಮನಸ್ಸಲ್ಲಿಟ್ಟು ಬರೆಯುತ್ತಾರೆ, ಲಿನಕ್ಸ್‌ಗೆ ಬಂದ್ರೆ ಬಂತು. ಗಂಗಾವತಿ-ಕಾರಟಗಿಯ ರೈಸ್ ಮಿಲ್‌ಗಳ ಲೆಕ್ಕ ನಡೆಯೋದು ಟ್ಯಾಲಿಯಲ್ಲಿ, ಅದು ವಿಂಡೋಸ್‌ನದ್ದು. ಮಿಲ್ಲಿನ ಲೆಕ್ಕದವರಿಗೆ ಲಿನಕ್ಸ್ ಉಪದೇಶ ಮಾಡೋದು ಕಾಲಹರಣ. ನಾನು ಮಾಡಲ್ಲ. ಈ ಚರ್ಚೆ ಇರೋದು ಸಾರ್ವಜನಿಕ ದುಡ್ಡಲ್ಲಿ ಕೊಂಡ ಯಂತ್ರಗಳ ಬಗ್ಗೆ: ಶಾಲಾ ಲ್ಯಾಬ್, ಪದವಿ ಕಾಲೇಜು, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಹಾಸ್ಟೆಲ್. ಅಲ್ಲಿನ ಕೆಲಸಕ್ಕೆ ಬ್ರೌಸರ್, ಲಿಬ್ರೆಆಫೀಸ್, ಜಿಯೋಜೀಬ್ರಾ, ಪೈಥಾನ್ ಸಾಕು. ಅಲ್ಲಿಗೂ ಮೂರನೇ ತಿಂಗಳು ಬರುತ್ತೆ ಅನ್ನೋದೇ ಸಮಸ್ಯೆ.

ಕನ್ನಡದ್ದೇ ಆದ ಒಂದು ತೊಡಕೂ ಇದೆ. ನುಡಿ, ಬರಹ ಬಂದ ಕಾಲದಲ್ಲಿ ಯೂನಿಕೋಡ್ ಇನ್ನೂ ನಮ್ಮ ಕೈಗೆ ಎಟುಕಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟ್‌ಗಳೇ ಆಗ ದಿಕ್ಕು. ಆ ಕಾಲಕ್ಕೆ ಅದು ದೊಡ್ಡ ಉಪಕಾರ, ಅದನ್ನು ಮರೆಯಬಾರದು. ಆದರೆ ಯೂನಿಕೋಡ್ ಬಳಸಿ ಎಂದು ಸರ್ಕಾರ ಆದೇಶ ಹೊರಡಿಸಿ ದಶಕ ದಾಟಿದ ಮೇಲೂ ಕಚೇರಿಗಳಲ್ಲಿ ಹಳೇ ಫಾಂಟ್‌ನ ನಡಾವಳಿ, ಸುತ್ತೋಲೆ, ಅರ್ಜಿ ನಮೂನೆಗಳು ಓಡಾಡ್ತಿವೆ. ಆ ಫೈಲನ್ನು ಲಿನಕ್ಸ್‌ನಲ್ಲಿ ತೆರೆದ್ರೆ ತಲೆ ಮೇಲೆ ಟೋಪಿ, ಪಕ್ಕದಲ್ಲಿ ಚುಕ್ಕಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಜಾತ್ರೆ ಕಾಣುತ್ತೆ. ಗುಮಾಸ್ತರು ಹೇಳೋದು 'ನಿಮ್ಮ ಲಿನಕ್ಸ್‌ಗೆ ಕನ್ನಡ ಬರಲ್ಲ' ಅಂತ. ಲಿನಕ್ಸ್‌ಗೆ ಕನ್ನಡ ಬರುತ್ತೆ, ಫೈಲ್‌ಗೆ ಬರಲ್ಲ. ಇಂಥ ಫೈಲುಗಳನ್ನು ಯೂನಿಕೋಡ್‌ಗೆ ತಿರುಗಿಸುವ ಮುಕ್ತ ತಂತ್ರಾಂಶ ಬರೆದವರು ಅರವಿಂದ ವಿ.ಕೆ.; ಓಂಶಿವಪ್ರಕಾಶ್ ಮತ್ತು 'ಸಂಚಯ'ದ ಗೆಳೆಯರು ಇಂಥ ಕೆಲಸವನ್ನು ವರ್ಷಗಳಿಂದ ಮಾಡ್ತಾ ಬಂದಿದ್ದಾರೆ. ಉಪಕರಣ ಇದೆ. ಯಲಬುರ್ಗಾದ ಒಂದು ಕಚೇರಿಯ ಹದಿನೈದು ವರ್ಷದ ಫೈಲುಗಳನ್ನು ಅದರಲ್ಲಿ ಹಾಕಿ ತಿರುಗಿಸಿ, ತಿರುಗಿದ ಮೇಲೆ ಒತ್ತಕ್ಷರಗಳು ಸರಿಯಾಗಿವೆಯಾ ಅಂತ ಕೂತು ಓದೋರು ಇಲ್ಲ.

ಈ ಜಿಲ್ಲೆಯ ಜನರಿಗೆ ನಿರ್ವಹಣೆ ಅಂದ್ರೆ ಏನು ಅಂತ ಹೊರಗಿನವರು ಬಂದು ಹೇಳಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯ್ತು. ಕನ್ನಯ್ಯ ನಾಯ್ಡು ಅವರ ತಂಡ ಹರಿಯುವ ನೀರಿನಲ್ಲೇ ಒಂದು ವಾರದಲ್ಲಿ ಸ್ಟಾಪ್‌ಲಾಗ್ ಇಳಿಸಿದಾಗ ಜಿಲ್ಲೆ ಹಬ್ಬ ಮಾಡಿತು, ಮಾಡಬೇಕಾದ್ದೇ. ಆದರೆ ಮರುವರ್ಷ ಸುರಕ್ಷತೆಗಾಗಿ 80 ಟಿಎಂಸಿ ಮಾತ್ರ ನಿಲ್ಲಿಸಿದರು. 105 ಟಿಎಂಸಿಗೂ ಮಿಕ್ಕಿ ಹಿಡಿಯುವ ಜಲಾಶಯ ಅದು. 33 ಗೇಟುಗಳನ್ನೂ ಬದಲಿಸಬೇಕು ಅಂತ ಎರಡನೇ ಬೆಳೆಗೆ ನೀರು ನಿಂತಿತು. ಅಣೆಕಟ್ಟು ಕಟ್ಟಿದವರ ಹೆಸರು ಕಲ್ಲಿನ ಮೇಲೆ ಇರುತ್ತೆ. ಚೈನಿಗೆ ಗ್ರೀಸ್ ಹಚ್ಚುವವನ ಹುದ್ದೆ ಖಾಲಿ ಇದೆಯಾ ತುಂಬಿದೆಯಾ ಅಂತ ಚೈನ್ ತುಂಡಾಗೋವರೆಗೆ ಯಾರೂ ಕೇಳಲ್ಲ. ನಮ್ಮ ಸರ್ಕಾರಗಳ ಬಜೆಟ್ ಭಾಷೆಯಲ್ಲಿ ಕಟ್ಟೋದು 'ಅಭಿವೃದ್ಧಿ', ನೋಡಿಕೊಳ್ಳೋದು 'ಖರ್ಚು'. ಕಂಪ್ಯೂಟರ್ ವಿಷಯದಲ್ಲೂ ಅಷ್ಟೇ.

ಶಾಲೆಗಳ ಚರಿತ್ರೆ ನೋಡಿ. ಕೇಂದ್ರದ ಐಸಿಟಿ ಯೋಜನೆಯಲ್ಲಿ ನಮ್ಮ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದದ್ದು 'ಬೂಟ್' ಮಾದರಿಯಲ್ಲಿ: ಕಂಪನಿ ಲ್ಯಾಬ್ ಕಟ್ಟುತ್ತೆ, ಐದು ವರ್ಷ ತನ್ನ ಸಿಬ್ಬಂದಿ ಇಟ್ಟು ನಡೆಸುತ್ತೆ, ಆಮೇಲೆ ಶಾಲೆಗೆ ಒಪ್ಪಿಸಿ ಹೋಗುತ್ತೆ. ಗುತ್ತಿಗೆ ಮುಗಿದ ದಿನ ಶಾಲೆಗೆ ಸಿಗೋದು ಐದು ವರ್ಷ ಹಳೆಯ ಯಂತ್ರಗಳು. ಅವುಗಳನ್ನು ಬಲ್ಲ ಮನುಷ್ಯ ಅದೇ ದಿನ ಮನೆಗೆ. ಗಣಿತ, ವಿಜ್ಞಾನದ ಮೇಷ್ಟ್ರುಗಳು ಆ ಐದು ವರ್ಷ ಲ್ಯಾಬ್ ಅಂದ್ರೆ ಕಂಪನಿಯವರ ಕೋಣೆ ಅಂದುಕೊಂಡೇ ಇದ್ದರು. ಇದಕ್ಕೆ ಪರ್ಯಾಯ ನಮ್ಮಲ್ಲೇ ಹುಟ್ಟಿತ್ತು. ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆ ಡಿಎಸ್‌ಇಆರ್‌ಟಿ ಜೊತೆ ಸೇರಿ ವಿಷಯ ಶಿಕ್ಷಕರ ವೇದಿಕೆ ಕಟ್ಟಿತು. ಉಬುಂಟು ಹಾಕಿದ ಲ್ಯಾಬ್‌ಗಳಲ್ಲಿ ಮೇಷ್ಟ್ರುಗಳೇ ಜಿಯೋಜೀಬ್ರಾದಲ್ಲಿ ಪಾಠ ಮಾಡೋದು, ತಮ್ಮದೇ ಮುಕ್ತ ಪಠ್ಯ ಸಂಪನ್ಮೂಲ ಬರೆಯೋದು ಕಲಿತರು. ಅದಕ್ಕೆ ದುಡ್ಡು ಬರುತ್ತಿದ್ದ ಆರ್‌ಎಂಎಸ್‌ಎ ಯೋಜನೆ 2018ರಲ್ಲಿ ಸಮಗ್ರ ಶಿಕ್ಷಾದಲ್ಲಿ ವಿಲೀನ ಆಯ್ತು. ಯೋಜನೆಯ ಹೆಸರು ಬದಲಾದಂತೆ ಆದ್ಯತೆ ಬದಲಾಗೋದು ನಮ್ಮ ಆಡಳಿತದ ಹಳೇ ಚಾಳಿ.

ಕೇರಳದ ಮಾತು ಬಂದ ಕೂಡಲೇ ನಮ್ಮವರಿಗೆ ಸ್ವಲ್ಪ ಕಿರಿಕಿರಿ ಆಗುತ್ತೆ, ಆದ್ರೂ ಹೇಳಲೇಬೇಕು. ಅಲ್ಲಿ 2001ರಲ್ಲಿ ಶುರುವಾದ ಐಟಿ@ಸ್ಕೂಲ್ ಯೋಜನೆ ಇವತ್ತು 'ಕೈಟ್' ಎಂಬ ಸರ್ಕಾರಿ ಕಂಪನಿ. ಉಬುಂಟು ಆಧಾರದ ತನ್ನದೇ ಆವೃತ್ತಿಯನ್ನು ಅದು ಶಾಲೆಗಳಿಗೆ ಕೊಡುತ್ತೆ. 2019ರಲ್ಲಿ 2 ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರ್‌ಗಳಿಗೆ ಹೊಸ ಆವೃತ್ತಿ ಹಾಕಿದಾಗ 3,000 ಕೋಟಿ ರೂಪಾಯಿ ಉಳಿಯುತ್ತೆ ಅಂತ ಅದು ಹೇಳಿಕೊಂಡಿತು. ಆ ಅಂಕಿ ನನಗೆ ಅಷ್ಟು ಮುಖ್ಯ ಅನ್ಸಲ್ಲ. ಪ್ರತಿ ಯಂತ್ರಕ್ಕೂ ಎಲ್ಲ ದುಬಾರಿ ತಂತ್ರಾಂಶ ಕೊಂಡಿದ್ರೆ ಅನ್ನೋ ಊಹೆಯ ಮೇಲೆ ನಿಂತ ಲೆಕ್ಕ ಅದು. ಮುಖ್ಯವಾದದ್ದು ಬೇರೆ. ಪ್ರತಿ ಪ್ರೌಢಶಾಲೆಯಲ್ಲಿ ಐಟಿ ಜವಾಬ್ದಾರಿ ಹೊತ್ತ ಒಬ್ಬ ಶಿಕ್ಷಕ, ಜಿಲ್ಲೆಯಲ್ಲಿ ಮಾಸ್ಟರ್ ಟ್ರೇನರ್‌ಗಳು, 2018ರಿಂದ 'ಲಿಟಲ್ ಕೈಟ್ಸ್' ಅನ್ನೋ ವಿದ್ಯಾರ್ಥಿ ಕ್ಲಬ್‌ಗಳು. ಮಕ್ಕಳೇ ಕಲಿತು ಲ್ಯಾಬ್ ನೋಡಿಕೊಳ್ಳುತ್ತಾರೆ. ಮೂರನೇ ತಿಂಗಳ ಪ್ರಶ್ನೆಗೆ ಅಲ್ಲಿ ಉತ್ತರ ಇತ್ತು, ಅದಕ್ಕೇ ಲಿನಕ್ಸ್ ಉಳಿಯಿತು.

ಉತ್ತರ ಇದ್ದೂ ರಾಜಕೀಯ ಬೆಂಬಲ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ಜರ್ಮನಿಯ ಮ್ಯೂನಿಕ್ ನಗರ ಇದೆ. ಸುಮಾರು 15,000 ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ಪಾಲಿಕೆ ಮತ ಹಾಕಿ ವಿಂಡೋಸ್‌ಗೆ ಮರಳಿತು. ಈಗ ಅದೇ ದೇಶದ ಷ್ಲೇಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಮತ್ತೆ ಲಿಬ್ರೆಆಫೀಸ್, ಲಿನಕ್ಸ್ ಕಡೆ ಹೊರಟಿದೆ. ಯುರೋಪ್‌ನಲ್ಲಿ ಈಗ ಇದಕ್ಕೆ ಬಳಸುವ ಪದ 'ಡಿಜಿಟಲ್ ಸಾರ್ವಭೌಮತ್ವ'.

ನಮ್ಮಲ್ಲಿ ಆ ಪದದ ಬದಲು 'ಸ್ವದೇಶಿ' ಓಡ್ತಿದೆ. 2025ರ ಜುಲೈನಲ್ಲಿ ಯುರೋಪಿನ ನಿರ್ಬಂಧದ ಬೆನ್ನಲ್ಲೇ ನಯಾರಾ ಎನರ್ಜಿ ಕಂಪನಿಗೆ ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ಕಂಪನಿ ಹೈಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಮರಳಿ ಕೊಟ್ಟಿತು. ಕೇಂದ್ರ ಸರ್ಕಾರದ ಸುಮಾರು 12 ಲಕ್ಷ ನೌಕರರ ಇಮೇಲ್ ಜೋಹೋ ವೇದಿಕೆಗೆ ಹೋಯ್ತು. ಜೋಹೋ ಒಳ್ಳೆ ಕಂಪನಿಯೇ ಇರಬಹುದು, ನಮ್ಮ ಪಕ್ಕದ ತಮಿಳುನಾಡಿನದ್ದೇ. ಆದರೆ ಬೀಗದ ಕೈ ಅಮೆರಿಕದ ಕಂಪನಿಯಿಂದ ಭಾರತದ ಕಂಪನಿಗೆ ಹೋದರೆ ಕುಷ್ಟಗಿಯ ಡಿಪ್ಲೊಮಾ ಹುಡುಗಿಗೆ ಏನು ಸಿಕ್ಕಿತು? ಅವಳು ಆ ಬೀಗ ಬಿಚ್ಚಿ ನೋಡಲಾರಳು, ಸರಿ ಮಾಡಲಾರಳು, ಸರಿ ಮಾಡಿ ಸಂಬಳ ಪಡೆಯಲಾರಳು. ಮುಕ್ತ ತಂತ್ರಾಂಶದಲ್ಲಿ ಕಾನೂನು ಆ ಬಾಗಿಲು ತೆರೆದಿಡುತ್ತೆ. ಕೇಂದ್ರ ಸರ್ಕಾರಕ್ಕೆ 2015ರಿಂದಲೇ ಓಪನ್ ಸೋರ್ಸ್ ಅಳವಡಿಕೆಯ ನೀತಿ ಇದೆ, ಅಂದ ಹಾಗೆ. ಆ ನೀತಿಯನ್ನು ಓದಿದವರಿಗಿಂತ 'ಸ್ವದೇಶಿ' ಪೋಸ್ಟ್ ಹಂಚಿದವರು ಹೆಚ್ಚು.

ಕಿಯೋಗೆ ವಾಪಸ್ ಬರೋಣ. ಅದರ ಬಗ್ಗೆ ನನಗೆ ನಿಜವಾದ ಸಂತೋಷ ಇದೆ. ರಾಜ್ಯ ಸರ್ಕಾರವೊಂದು ತನ್ನ ಹೆಸರಲ್ಲಿ ಲಿನಕ್ಸ್ ಯಂತ್ರ ತರೋದು ಸಣ್ಣ ಮಾತಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಶೇ. 4.4 ಮನೆಗಳಲ್ಲಿ ಮಾತ್ರ ಕಂಪ್ಯೂಟರ್ ಇತ್ತು, ಪಟ್ಟಣಗಳಲ್ಲಿ ಶೇ. 23.4. ಫೋನ್‌ನಲ್ಲಿ ರೀಲ್ಸ್ ನೋಡಬಹುದು, ಪ್ರಾಜೆಕ್ಟ್ ರಿಪೋರ್ಟ್ ಬರೆಯೋದು ಕಷ್ಟ. ಅಗ್ಗದ ಕಂಪ್ಯೂಟರ್ ಬೇಕೇ ಬೇಕು.

ಆದರೆ ರಿಸ್ಕ್-ಫೈವ್ ಅಂದ ಮೇಲೆ ನಿರ್ವಹಣೆಯ ಪ್ರಶ್ನೆ ಕಮ್ಮಿಯಾಗಲ್ಲ, ಹೆಚ್ಚಾಗುತ್ತೆ. ಮಾಮೂಲಿ ಇಂಟೆಲ್, ಎಎಂಡಿ ಯಂತ್ರಗಳಿಗೆ ಅಂತ ಕಟ್ಟಿದ ತಂತ್ರಾಂಶ ಇದರ ಮೇಲೆ ನೇರ ಓಡಲ್ಲ. ಮೂಲ ಸಂಕೇತ ಮುಕ್ತವಾಗಿದ್ರೆ ಮರುಕಟ್ಟಬಹುದು, ಹಾಗಾಗಿ ಲಿಬ್ರೆಆಫೀಸ್‌ನಂಥವು ಸಿಗುತ್ತವೆ. ಪ್ರಿಂಟರ್ ಕಂಪನಿ ಇಂಟೆಲ್ ಯಂತ್ರಕ್ಕಷ್ಟೇ ಮುಚ್ಚಿ ಕಟ್ಟಿದ ಲಿನಕ್ಸ್ ಡ್ರೈವರ್ ಕೊಟ್ಟಿದ್ರೆ ಅದು ಇಲ್ಲಿ ಕಸ. ಹಳೇ ನುಡಿಯನ್ನು ವೈನ್ ಮೂಲಕ ಹೇಗೋ ಓಡಿಸ್ತೀನಿ ಅನ್ನೋ ಜುಗಾಡೂ ಸುಲಭಕ್ಕೆ ನಡೆಯಲ್ಲ. ಇವೆಲ್ಲ ಪರಿಹಾರ ಇರುವ ಸಮಸ್ಯೆಗಳೇ. ಪರಿಹರಿಸೋರು ಯಾರು, ಎಲ್ಲಿ ಕೂತಿರ್ತಾರೆ, ಅವರ ಸಂಬಳ ಯಾವ ಲೆಕ್ಕಶೀರ್ಷಿಕೆಯಿಂದ? ಬಿಡುಗಡೆ ಸಮಾರಂಭದ ಸುದ್ದಿಗಳಲ್ಲಿ ಡಿಎಸ್‌ಇಆರ್‌ಟಿ ಪಠ್ಯ ಅರೆದು ಕುಡಿದ ಎಐ ಸಹಾಯಕನ ಬಗ್ಗೆ ಓದಿದೆ. ಸೆಲ್ ಬದಲಿಸುವ ಸಹಾಯಕನ ಬಗ್ಗೆ ಓದಲಿಲ್ಲ.

ಒಂದು ಸರಳ ಲೆಕ್ಕ ಹಾಕೋಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಜೊತೆಗೆ ಹೊಸದಾಗಿ ಆದ ಕಾರಟಗಿ, ಕನಕಗಿರಿ, ಕುಕನೂರು. ಏಳು ತಾಲೂಕು, ತಾಲೂಕಿಗೆ ಒಬ್ಬ ನಿರ್ವಾಹಕ ಅಥವಾ ನಿರ್ವಾಹಕಿ. ತಿಂಗಳಿಗೆ 25,000 ರೂಪಾಯಿ ಸಂಬಳ ಅಂದ್ಕೊಂಡ್ರೆ ವರ್ಷಕ್ಕೆ 21 ಲಕ್ಷ. ಆ ದುಡ್ಡಲ್ಲಿ ಕಿಯೋ ಡಬ್ಬಿ 110 ಬರುತ್ತವೆ. ಅಂದ್ರೆ 110 ಹೊಸ ಡಬ್ಬಿ ಕೊಳ್ಳುವ ಬದಲು ಇಡೀ ಜಿಲ್ಲೆಯ ಹಳೇ ಡಬ್ಬಿಗಳನ್ನು ಒಂದು ವರ್ಷ ಜೀವಂತ ಇಡಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ಘೋಷಣೆ ಆಗ್ತಿದೆ. ಅದರ ಮುಂದೆ 21 ಲಕ್ಷ ಅನ್ನೋದು ಅಂಕಿ ತಪ್ಪಿ ಬಿದ್ದ ಚಿಲ್ಲರೆ.

ಈ ಕೆಲಸಕ್ಕೆ ಜನ ಇಲ್ಲ ಅನ್ನೋ ಹಾಗಿಲ್ಲ. ತಳಕಲ್‌ನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಐಟಿಐ, ಪಾಲಿಟೆಕ್ನಿಕ್‌ಗಳಿವೆ. 2023ರಲ್ಲಿ ಕೊಪ್ಪಳ ವಿಶ್ವವಿದ್ಯಾಲಯವೂ ಬಂತು. ಎರಡೇ ವರ್ಷಕ್ಕೆ, 2025ರ ಫೆಬ್ರವರಿಯಲ್ಲಿ, ಮುಚ್ಚಬೇಕೆಂಬ ಒಂಬತ್ತು ವಿವಿಗಳ ಪಟ್ಟಿಯಲ್ಲಿ ಅದರ ಹೆಸರೂ ಬಂತು. ಕಟ್ಟು, ಬಿಡು, ಮುಚ್ಚು. 371(ಜೆ) ಮೀಸಲಾತಿಯ ಮೇಲೆ ಬೆಂಗಳೂರಿಗೆ ಅರ್ಜಿ ಹಾಕ್ತಾ ಕೂತಿರುವ ನಮ್ಮ ಹುಡುಗ ಹುಡುಗಿಯರು ಸರ್ಟಿಫಿಕೇಟ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರೇ. ಇಪ್ಪತ್ತು ಯಂತ್ರಗಳ ಲ್ಯಾಬ್ ಅವರ ಕೈಗೆ ಕೊಟ್ಟರೆ ಒಂದು ಸೆಮಿಸ್ಟರ್‌ನಲ್ಲಿ ಕಲಿಯೋದು ಮೂರು ವರ್ಷದ ನೋಟ್ಸ್‌ನಲ್ಲಿಲ್ಲ. ಉದಾಹರಣೆಗೆ, ಇಪ್ಪತ್ತು ಯಂತ್ರಗಳು ಒಂದೇ ಅಪ್‌ಡೇಟನ್ನು ಇಪ್ಪತ್ತು ಸಲ ಇಳಿಸಿಕೊಂಡ್ರೆ ಕಾಲೇಜಿನ ಇಂಟರ್ನೆಟ್ ಮೂರ್ಛೆ ಹೋಗುತ್ತೆ. ಒಂದು ಯಂತ್ರವನ್ನು ಸಂಗ್ರಹಕಾರ ಮಾಡಿ, ಅದು ಒಮ್ಮೆ ಇಳಿಸಿಕೊಂಡದ್ದನ್ನು ಉಳಿದ ಹತ್ತೊಂಬತ್ತು ಒಳಗಿನಿಂದಲೇ ಪಡೆಯುವಂತೆ ಹೊಂದಿಸಬಹುದು. ಇದನ್ನು ಒಮ್ಮೆ ಮಾಡಿದವಳಿಗೆ ಸರ್ವರ್ ಅಂದ್ರೇನು ಅಂತ ಬೇರೆ ಪಾಠ ಬೇಕಿಲ್ಲ. ಜಗತ್ತಿನ ಬಹುಪಾಲು ಸರ್ವರ್‌ಗಳು ಓಡೋದು ಲಿನಕ್ಸ್ ಮೇಲೆ, ಬೆಂಗಳೂರಿನ ಕಂಪನಿಗಳು ಸಂಬಳ ಕೊಡೋದೂ ಅದಕ್ಕೇ. 'ಲಿನಕ್ಸ್ ಕಲಿತರೆ ಕೆಲಸ ಸಿಗಲ್ಲ' ಅನ್ನೋ ಮಾತು ಡಿಟಿಪಿ ಸೆಂಟರ್‌ಗೆ ನಿಜ, ಡೇಟಾ ಸೆಂಟರ್‌ಗೆ ಸುಳ್ಳು.

ಇದಕ್ಕೆ ಬರುವ ಒಂದು ಆಕ್ಷೇಪ ಗಟ್ಟಿಯಾದದ್ದು: ಸಂಬಳ ಕೊಟ್ಟು ನಿರ್ವಾಹಕರನ್ನು ಇಡೋದಾದ್ರೆ ವಿಂಡೋಸನ್ನೇ ನೋಡಿಕೊಳ್ಳಲಿ ಬಿಡಿ, ಬದಲಾವಣೆ ಯಾಕೆ? ಯಾಕಂದ್ರೆ ವಿಂಡೋಸ್ ಯಂತ್ರದ ಆಯಸ್ಸು ತೀರ್ಮಾನಿಸೋದು ರೆಡ್ಮಂಡ್‌ನವರು. ಸೆಲ್ ಬದಲಿಸಿ, ಡಿಸ್ಕ್ ಬದಲಿಸಿ, ಧೂಳು ಊದಿ ಎಷ್ಟೇ ಚೆನ್ನಾಗಿ ಇಟ್ಟುಕೊಂಡ್ರೂ ಅಕ್ಟೋಬರ್ 14ಕ್ಕೆ ಅದು ಮುದುಕ. ಅದೇ ಯಂತ್ರಕ್ಕೆ ಮಿಂಟ್ 22 ಹಾಕಿದ್ರೆ 2029ರವರೆಗೆ ತೇಪೆ ಬರುತ್ತೆ, ಆಮೇಲೂ ಮುಂದಿನ ಆವೃತ್ತಿಗೆ ಹೋಗಬೇಕಾ ಬೇಡವಾ ಅನ್ನೋದು ಯಂತ್ರ ಇಟ್ಟುಕೊಂಡವರ ತೀರ್ಮಾನ. ಸ್ಥಳೀಯ ನಿರ್ವಾಹಕರ ದುಡಿಮೆಗೆ ಬೆಲೆ ಉಳಿಯೋದು ಆ ತೀರ್ಮಾನ ಸ್ಥಳೀಯವಾಗಿದ್ದಾಗ ಮಾತ್ರ.

ಹಾಗಾಗಿ ಜಿಲ್ಲೆಯಲ್ಲಿ ಕಿಯೋ ಬಂದ್ರೂ, ಹಳೇ ಯಂತ್ರಗಳಿಗೆ ಲಿನಕ್ಸ್ ಹಾಕಿದ್ರೂ, ಫೋಟೋ ತೆಗೆಸಿಕೊಳ್ಳುವ ಮೊದಲು ಟೆಂಡರ್ ದಾಖಲೆ ಓದಬೇಕು. ಐದು ವರ್ಷದ ನಿರ್ವಹಣೆಗೆ ಬೇರೆ ಸಾಲು ಇದೆಯಾ, ಅದು ಯಂತ್ರದ ಬೆಲೆಯೊಳಗೆ ಕರಗಿಹೋಗಿದೆಯಾ ನೋಡಬೇಕು. ಬಿಡಿಭಾಗ ತಾಲೂಕಿನಲ್ಲೇ ಇಡಬೇಕು ಅಂತ ಷರತ್ತು ಇರಬೇಕು. ಇಲಾಖೆಗಳು ಹೊಸ ಫೈಲುಗಳನ್ನಾದ್ರೂ ಯೂನಿಕೋಡ್‌ನಲ್ಲೇ ಸ್ವೀಕರಿಸಬೇಕು, ಬೆರಳಚ್ಚು ಯಂತ್ರ ಕೊಳ್ಳುವಾಗ ಲಿನಕ್ಸ್ ಬೆಂಬಲ ಕೇಳಬೇಕು. ತಾಲೂಕು ಪಂಚಾಯಿತಿಯ ಕೆಡಿಪಿ ಸಭೆಯಲ್ಲಿ ಎಷ್ಟು ಲ್ಯಾಬ್ ಉದ್ಘಾಟನೆ ಆಯ್ತು ಅಂತ ಕೇಳೋ ಜಾಗದಲ್ಲಿ, ಇವತ್ತು ಬೆಳಿಗ್ಗೆ ಎಷ್ಟು ಯಂತ್ರ ಆನ್ ಆದವು ಅಂತ ಕೇಳಬೇಕು.

ಇದನ್ನು ಓದ್ತಿರುವ ಕೊಪ್ಪಳದ ಕಾಲೇಜು ಗೆಳೆಯರು ಇಷ್ಟಕ್ಕೆಲ್ಲ ಕಾಯಬೇಕಿಲ್ಲ. ನಿಮ್ಮ ತಾಲೂಕಿನ ಬಿಇಒ ಕಚೇರಿಗೆ ಮಾಹಿತಿ ಹಕ್ಕಿನಡಿ ನಾಲ್ಕು ಪ್ರಶ್ನೆ ಹಾಕಿ: ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಟ್ಟು ಕಂಪ್ಯೂಟರ್ ಎಷ್ಟು, ಈಗ ಚಾಲೂ ಇರೋದು ಎಷ್ಟು, ಅವುಗಳಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇದೆ, ಕಳೆದ ಮೂರು ವರ್ಷದಲ್ಲಿ ದುರಸ್ತಿಗೆ ಖರ್ಚಾದ ಹಣ ಎಷ್ಟು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕೊಡಿ. ಅರ್ಜಿ ಶುಲ್ಕ 10 ರೂಪಾಯಿ.